‘ಕೆಂಪು ದ್ರಾಕ್ಷಿ’ ಅನ್ನಬೇಕೋ, ‘ಕರಿ ದ್ರಾಕ್ಷಿ’ ಅನ್ನಬೇಕೋ?

ಮನೆಯಲ್ಲೇ ವೈನ್ ಮಾಡುವುದಕ್ಕೆ ಬೆಳೆಯುವ ದ್ರಾಕ್ಷಿಯನ್ನು ಕನ್ನಡದಲ್ಲಿ ಯಾವ ಬಣ್ಣದಿಂದ ಕರೆಯಬೇಕು? ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ನಮ್ಮ ಮನೆ ಮುಂದಿನ ಚಪ್ಪರಕ್ಕೆ ನಾಲ್ಕು ಬಳ್ಳಿ ಹಚ್ಚಲು ಹೋದಾಗಿನಿಂದ ಇದು ನನ್ನ ತಲೆಯಲ್ಲಿದೆ.

ನರ್ಸರಿಯಲ್ಲಿ ನಾನು ಕೇಳಿದ್ದು ಇಷ್ಟು: ‘ಅಣ್ಣಾರ, ಕೆಂಪು ದ್ರಾಕ್ಷಿ ಸಸಿ ಬೇಕ್ರಿ, ಹೈಬ್ರಿಡ್ ಇರಲಿ.’ ಇಂಗ್ಲಿಷಿನಲ್ಲಿ ‘ರೆಡ್ ಗ್ರೇಪ್’ ಅಂತ ಓದಿದ್ದನ್ನೇ ಕನ್ನಡ ಮಾಡಿ ಕೇಳಿದ್ದೆ. ಕೊಟ್ಟರು. ಎರಡನೇ ವರ್ಷ ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಆದಮೇಲೆ ಗೊನೆ ಬಿಟ್ಟವು, ಮಾರ್ಚ್‌ಗೆ ಹಣ್ಣಾದವು. ದುಂಡನೆಯ, ಬೀಜವಿಲ್ಲದ, ತಿಳಿ ಕೆಂಪು ಹಣ್ಣು. ಪಕ್ಕದ ತೋಟದ ಕಾಕಾ ನೋಡಿದವರೇ, ‘ಇದು ಫ್ಲೇಮ್ ಸೀಡ್‌ಲೆಸ್, ತಿನ್ನೋ ಹಣ್ಣು’ ಅಂದರು. ಭರಣಿಗೆ ಹಾಕಿದರೆ ಬಂದದ್ದು ತೆಳು ಗುಲಾಬಿ ಬಣ್ಣದ ವೈನ್. ಮಾರಿದವರದ್ದೇನೂ ತಪ್ಪಿಲ್ಲ. ಕೆಂಪು ಕೇಳಿದೆ, ಕೆಂಪೇ ಕೊಟ್ಟರು.

ಇಂಗ್ಲಿಷಿನ ‘ರೆಡ್’ ವೈನಿನ ಬಣ್ಣದ ಮಾತು. ನಾವು ಹೆಸರಿಡುವುದು ಹಣ್ಣು ನೋಡಿ. ಕೆಂಪು ವೈನ್ ಆಗುವ ಹಣ್ಣು ಸಂತೆಯಲ್ಲಿ ಯಾರನ್ನು ಕೇಳಿದರೂ ಕರಿ ದ್ರಾಕ್ಷಿ. ಒಂದು ಕರಿ ದ್ರಾಕ್ಷಿಯನ್ನು ಬಿಳಿ ತಟ್ಟೆಯ ಮೇಲೆ ಮೆಲ್ಲಗೆ ಹಿಚುಕಿ ನೋಡಿ. ಹೆಚ್ಚಿನ ತಳಿಗಳಲ್ಲಿ ರಸಕ್ಕೆ ಬಣ್ಣವೇ ಇರುವುದಿಲ್ಲ. ಸಿಪ್ಪೆಯನ್ನು ಬೆರಳಲ್ಲಿ ತಿಕ್ಕಿದಾಗ ನೇರಳೆ ಹತ್ತುತ್ತದೆ. ಸಿಪ್ಪೆಯ ಜೊತೆಗೇ ಹುಳಿಬರಿಸಿದರೆ ಆ ಬಣ್ಣ ರಸಕ್ಕೆ ಇಳಿದು ವೈನ್ ಕೆಂಪಾಗುತ್ತದೆ.

ನಮ್ಮ ತಳಿಗಳ ಹೆಸರನ್ನೇ ನೋಡಿ. ಮನೆ ವೈನಿಗೆ ಬಹಳ ಜನ ಬಳಸುವುದು ಬೆಂಗಳೂರು ಬ್ಲೂ. ಅದನ್ನು ಬ್ಲ್ಯಾಕ್ ಚಂಪಾ ಜೊತೆ ಕೂಡಿಸಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅರ್ಕಾ ಶ್ಯಾಮ್ ಮಾಡಿದರು. ಬ್ಲೂ, ಬ್ಲ್ಯಾಕ್, ಶ್ಯಾಮ್. ಎಲ್ಲೂ ಕೆಂಪಿಲ್ಲ, ಅಲ್ವಾ? ಅದಕ್ಕೇ ಹಣ್ಣಿಗೆ ‘ಕರಿ’, ವೈನಿಗೆ ಮಾತ್ರ ‘ಕೆಂಪು’ ಅಂತ ಬರೆಯುವುದು ಸರಿ ಅನ್ನಿಸುತ್ತದೆ. ‘ಕೆಂಪು ದ್ರಾಕ್ಷಿ’ ಅನ್ನುವ ಹೆಸರು ಫ್ಲೇಮ್, ರೆಡ್ ಗ್ಲೋಬ್‌ನಂಥ ನಿಜವಾಗಿ ಕೆಂಪಾದ ಹಣ್ಣಿಗಿರಲಿ.

‘ಹೈಬ್ರಿಡ್’ ಪದದ್ದೂ ಇದೇ ತೊಡಕು. ನಮ್ಮ ಕಡೆ ಜವಾರಿ ಅಲ್ಲದ್ದೆಲ್ಲ ಹೈಬ್ರಿಡ್, ಟೊಮೆಟೊ ಇರಲಿ, ಕೋಳಿ ಇರಲಿ. ವೈನ್ ದ್ರಾಕ್ಷಿಯ ಮಾತಿನಲ್ಲಿ ಹೈಬ್ರಿಡ್ ಅಂದರೆ ಯುರೋಪಿನ ವಿನಿಫೆರಾ ಜೊತೆ ಅಮೆರಿಕದ ಲಬ್ರುಸ್ಕಾ, ರಿಪಾರಿಯಾದಂಥ ಬೇರೆ ಜಾತಿ ಕೂಡಿದ್ದು. ‘ಮಿಶ್ರತಳಿ’ ಅಂದರೆ ಎರಡು ತಳಿ ಅನ್ನುವಷ್ಟೇ ತಿಳಿಯುತ್ತದೆ, ಎರಡು ಜಾತಿ ಅಂತ ತಿಳಿಯುವುದಿಲ್ಲ. ಸದ್ಯಕ್ಕೆ ನಾನು ಹೈಬ್ರಿಡ್ ಅಂತಲೇ ಬರೆದು, ಯಾವುದರ ಜೊತೆ ಯಾವುದು ಅಂತ ಪಕ್ಕದಲ್ಲಿ ಹೇಳುತ್ತಿದ್ದೇನೆ.

ಇನ್ನೊಂದು ಪದ ಬೇಕು. ಹುಳಿಬರುವಾಗ ಸಿಪ್ಪೆಯೆಲ್ಲ ಮೇಲೆದ್ದು ದಪ್ಪ ಪದರವಾಗಿ ತೇಲುತ್ತದೆ. ಬೆಳಿಗ್ಗೆ ಸಂಜೆ ಮರದ ಸೌಟಿನಿಂದ ಅದನ್ನು ಕೆಳಗೆ ಅದುಮಬೇಕು. ಇಲ್ಲದಿದ್ದರೆ ಬಣ್ಣ ಸರಿಯಾಗಿ ಇಳಿಯುವುದಿಲ್ಲ, ಮೇಲೆ ಬೂಸ್ಟು ಹಿಡಿಯುತ್ತದೆ. ತಳದಲ್ಲಿ ಕೂರುವುದಕ್ಕೆ ‘ಗಸಿ’ ಇದೆ. ಹಿಂಡಿದ ಮೇಲೆ ಉಳಿಯುವುದಕ್ಕೆ, ಶೇಂಗಾ ಹಿಂಡಿಯ ಹಾಗೆ, ‘ದ್ರಾಕ್ಷಿ ಹಿಂಡಿ’ ಅನ್ನಬಹುದು. ಮೇಲೆ ತೇಲುವ ಈ ಪದರಕ್ಕೆ ಏನನ್ನೋಣ? ‘ಕೆನೆ’ ಅಂದರೆ ಹಾಲೇ ಕಣ್ಣಿಗೆ ಬರುತ್ತದೆ, ‘ನೊರೆ’ ಅದಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ಮನೆಯಲ್ಲಿ ವೈನ್ ಮಾಡುವವರ ಬಾಯಲ್ಲಿ ಇದಕ್ಕೊಂದು ಪದ ಇದ್ದರೆ, ಅವರು ಹೇಳುವ ಹಾಗೇ ಬರೆದು ತಿಳಿಸಿ.