ಬೆಂಗಳೂರು ಬಿಟ್ಟು ತುಮಕೂರಿನಲ್ಲಿ ನೆಲೆಸಬಹುದೇ?

ಪ್ರಶ್ನೆ: ಯಶವಂತಪುರದ ಬಳಿ ಕೆಲಸ, ಮಗಳಿಗೆ ಮೂರು ವರ್ಷ. ತುಮಕೂರಿಗೆ ಮನೆ ಬದಲಿಸಿ ದಿನವೂ ರೈಲಿನಲ್ಲಿ ಓಡಾಡಬಹುದೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಒಂಬತ್ತು ವರ್ಷ ಓಡಾಡಿದ್ದೇನೆ. ನಾನು ಹೊರಡುವಾಗ ಮಗಳು ಮಲಗಿರುತ್ತಿದ್ದಳು; ಆ ನೋವು ಇನ್ನೂ ಇದೆ. ಆದರೆ ಭಾನುವಾರ ದೇವರಾಯನದುರ್ಗದ ಕಡೆ ಹೋದರೆ, ನಾಮದ ಚಿಲುಮೆಯಲ್ಲಿ ಬಂಡೆಯ ಪುಟ್ಟ ಕುಳಿಯಿಂದ ಉಕ್ಕುವ ನೀರನ್ನು ಬೊಗಸೆಯಲ್ಲಿ ಹಿಡಿದು ಕುಣಿಯುತ್ತಿದ್ದಳು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಅವಳಿಗೆ ಅಂಗಳವೂ ಇರಲಿಲ್ಲ.

ಉತ್ತರ 2: ರೈಲಿಗಿಂತ ಮೊದಲು ನೀರು ವಿಚಾರಿಸಿ. ಹೇಮಾವತಿ ನೀರು ಬುಗುಡನಹಳ್ಳಿ ಕೆರೆ ಸೇರಿ ಊರಿಗೆ ಬರಬೇಕು. ನಮ್ಮ ಬೀದಿಯಲ್ಲಿ ಬೇಸಿಗೆಯಿಡೀ ಕಾಯುತ್ತೇವೆ. ಮುಂಗಡ ಕೊಡುವ ಮುನ್ನ ಸಂಪಿನ ಮುಚ್ಚಳ ತೆಗೆಸಿ, ಆಳ ನೋಡಿ.

ಪ್ರಶ್ನೆ ಕೇಳಿದವರು: ಈ ಭಾನುವಾರ ಮಗಳನ್ನೂ ಕರೆದುಕೊಂಡು ಬರುತ್ತೇನೆ. ಮೊದಲು ಸಂಪು, ಆಮೇಲೆ ಚಿಲುಮೆ.