ಬಿಸ್ಕೀಟ್ ಪುಡ್ಡಿಂಗ್ ಗಟ್ಟಿ ಆಗವಲ್ದು, ಚಾಕು ಹಾಕಿದ್ರ ಹರಿತೈತಿ

ಕೌಲ್‌ಬಜಾರ್, ಬಳ್ಳಾರಿ
ಶಾಲೆ ಮಕ್ಕಳು ಸಹಾಯಾರ್ಥ ಮಾರಿದ ತೆಂಗಿನ ಕುಕೀಸ್ 3 ಡಬ್ಬಿ, ಮಾರಿ ಬಿಸ್ಕೀಟು 2 ಪ್ಯಾಕ್ ಅದಾವು. 8 ಇಂಚಿನ ಚೌಕ ಗಾಜಿನ ಟ್ರೇ. ಫ್ರೆಶ್ ಕ್ರೀಮ್ 250 ಮಿಲಿ, ಬೀಟರ್‌ನಾಗ 20 ನಿಮಿಷ ಹೊಡೆದ್ರೂ ಮಜ್ಜಿಗಿ ಹಂಗೇ ಐತಿ. ಹಂಗೇ ಪದರ ಹಾಕಿ 3 ತಾಸು ಫ್ರಿಜ್ಜಿನಾಗ ಇಟ್ಟೆ. ಕೆಳಗಿನ ಮಾರಿ ಅಂಬಲಿ ಆಗೈತಿ, ಮೇಲಿನ ಕುಕೀಸ್ ಇನ್ನೂ ಕಟಕಟ ಅಂತಾವು. ಅಡುಗೆಮನಿ 38 ಡಿಗ್ರಿ. ನಾಳೆ ಸಂಜಿಗೆ 16 ತುಂಡು ಬೇಕು. ಇನ್ನೂ ಹೊಡಿಬೇಕಿತ್ತೇನ್ರಿ?

ಕಿನ್ನಾಳ ಗೊಂಬೆ, ಕೊಪ್ಪಳ
ಹೊಡೆಯೋದ್ರಲ್ಲಿ ತಪ್ಪಿಲ್ರಿ. ಡಬ್ಬಿ ಮೇಲೆ ಕೊಬ್ಬಿನ ಅಂಶ ಎಷ್ಟು ಅಂತ ನೋಡಿ. ಫ್ರೆಶ್ ಕ್ರೀಮ್ ಸಾಮಾನ್ಯವಾಗಿ 25%. ಗಾಳಿ ಹಿಡಿದು ನಿಲ್ಲೋಕೆ ಕನಿಷ್ಠ 30, ಚೆಂದಾಗಿ ನಿಲ್ಲೋಕೆ 35 ಬೇಕು. 38 ಡಿಗ್ರಿಯಲ್ಲಂತೂ ಕೊಬ್ಬು ಮೆತ್ತಗಾಗಿ, ಹೊಡೆದಷ್ಟೂ ಗಾಳಿ ಹೊರಗೇ ಹೋಗುತ್ತೆ.

ಈಗಿನ ಟ್ರೇ ಚೆಲ್ಲಬೇಡಿ. ತಟ್ಟೆ ಮುಚ್ಚಿ ಫ್ರೀಜರ್‌ನಲ್ಲಿ 5 ತಾಸು ಇಟ್ಟು, ಕುಲ್ಫಿ ಹದದಲ್ಲಿ ಮನೆಯವರಿಗೆ ಕೊಡಿ. ನಾಳೆಯ ಮಂದಿಗೆ ಬೇರೆ ಮಾಡಿ.

ಹೊಸಬ
ಜೆಲಾಟಿನ್ ಹಾಕಿದ್ರ ಮುಗೀತಲ್ರಿ?

ಬಿಸಿಲೂರು ರಾಯಚೂರು
ನಮ್ಮ ಕಡೆ ಅದು ನಡೆಯಲ್ರಿ. ಜೆಲಾಟಿನ್ 30-35 ಡಿಗ್ರಿಗೇ ಕರಗುತ್ತೆ, ಫ್ರಿಜ್ಜಿನಿಂದ ತೆಗೆದು ಪಂಕ್ತಿಗೆ ತರೋಷ್ಟರಲ್ಲಿ ನೀರು. ಮೇಲಾಗಿ ಅದು ಪ್ರಾಣಿ ಮೂಳೆ, ಚರ್ಮದಿಂದ ಬಂದದ್ದು, ಕೇಳದೆ ಎಲ್ಲರಿಗೂ ಬಡಿಸೋಕೆ ಬರಲ್ಲ. ಚೈನಾ ಗ್ರಾಸ್ (ಕಡಲಪಾಚಿಯಿಂದ ಮಾಡಿದ ಅಗರ್) ತೊಗೊಳ್ರಿ. ಒಮ್ಮೆ ಹೆಪ್ಪಾದ ಮೇಲೆ 85 ಡಿಗ್ರಿ ತನಕ ಕರಗಲ್ಲ.

ಟ್ರೇಗೆ ಅಳತೆ: ಹಾಲು 1 ಲೀಟರ್, ಕಸ್ಟರ್ಡ್ ಪುಡಿ 4 ದೊಡ್ಡ ಚಮಚ, ಸಕ್ಕರೆ 80 ಗ್ರಾಂ (ಕುಕೀಸ್ ಮೊದಲೇ ಸಿಹಿ), ಚೈನಾ ಗ್ರಾಸ್ ಎಳೆ 10 ಗ್ರಾಂ, ನೀರು 200 ಮಿಲಿ.

ಎಳೆಗಳನ್ನ ಕತ್ತರಿಸಿ ಅದೇ ನೀರಲ್ಲಿ 15 ನಿಮಿಷ ನೆನೆಸಿ, ಸಣ್ಣ ಉರಿಯಲ್ಲಿ ಕುದಿಸ್ರಿ. ಸೌಟು ಎತ್ತಿ ನೋಡಿದ್ರೆ ಒಂದೂ ಎಳೆ ಕಾಣಬಾರದು. ಪಕ್ಕದ ಒಲೆ ಮೇಲೆ ಕಸ್ಟರ್ಡ್ ಕುದಿತಾ ಇರಬೇಕು, ಬಿಸಿಗೆ ಬಿಸಿ ಸೋಸಿ ಸೇರಿಸ್ರಿ. ಎಲ್ಲರೂ ಎಡವೋದು ಇಲ್ಲೇ: ಆರಿದ ಕಸ್ಟರ್ಡ್‌ಗೆ ಹಾಕಿದ್ರೆ ಮುಟ್ಟಿದ ಕೂಡಲೇ ಹೆಪ್ಪುಗಟ್ಟಿ ಶಾವಿಗೆ ಎಳೆ ಥರ ಗಂಟಾಗುತ್ತೆ. ಹಾಗೇನಾದ್ರೂ ಆದ್ರೆ ಗಂಟು ತಿಕ್ಕಿ ಒಡೆಯೋದು ಬಿಟ್ಟು, ಎಲ್ಲ ಮತ್ತೆ ಕುದಿಸ್ರಿ, ಕರಗುತ್ತೆ.

ಕಿನ್ನಾಳ ಗೊಂಬೆ
ತಳಕ್ಕೆ ಕುಕೀಸ್ 200 ಗ್ರಾಂ ರವೆಯಷ್ಟು ಒರಟಾಗಿ ಪುಡಿ ಮಾಡಿ, ಕರಗಿದ ಬೆಣ್ಣೆ 40 ಗ್ರಾಂ ಕಲಸಿ, ಬಟ್ಟಲಿನ ತಳದಿಂದ ಒತ್ತಿ 15 ನಿಮಿಷ ಫ್ರೀಜರ್‌ಗೆ. ಮಾರಿ ಪುಡಿ ಆಗಿದ್ರೆ ಬೆಣ್ಣೆ 80 ಗ್ರಾಂ ಬೇಕಿತ್ತು. ತೆಂಗಿನ ಕುಕೀಸ್‌ನಲ್ಲಿ ಕೊಬ್ಬು ಮೊದಲೇ ಜಾಸ್ತಿ, ಅಷ್ಟೇ ಹಾಕಿದ್ರೆ ಫ್ರಿಜ್ಜಿನಲ್ಲಿ ತಳ ಕಲ್ಲಾಗಿ ಚಾಕು ಇಳಿಯಲ್ಲ.

ಮಾರಿಯನ್ನ ಹಾಲಲ್ಲಿ ಅದ್ದಲೇಬೇಡಿ. ಅದು ಒಣ ಬಿಸ್ಕೀಟು, ಬಿಸಿ ಕಸ್ಟರ್ಡ್‌ನಿಂದಲೇ ಬೇಕಾದಷ್ಟು ಹೀರುತ್ತೆ. ಕೊಬ್ಬಿರೋ ಕುಕೀಸ್ ಬೇಗ ಹೀರಲ್ಲ, ಅದಕ್ಕೇ ನಿಮ್ಮ ಮೇಲ್ಪದರ ಹಾಗೇ ಉಳಿದದ್ದು.

ಕೌಲ್‌ಬಜಾರ್
ಮಾರಿ ಮ್ಯಾಲ ಕಸ್ಟರ್ಡ್ ಸುರಿದ್ರ ದೋಣಿ ಹಂಗ ತೇಲ್ತಾವಲ್ರಿ!

ಬಿಸಿಲೂರು ರಾಯಚೂರು
ತೇಲ್ತಾವೆ, ಅದಕ್ಕೇ ಎರಡು ಸಲ ಹಾಕೋದು. ತಳದ ಮೇಲೆ ಅರ್ಧ ಕಸ್ಟರ್ಡ್ ಸುರೀರಿ. ಉಳಿದ ಪಾತ್ರೆ ಬಿಸಿನೀರಿನ ಬೋಗುಣಿಯಲ್ಲಿ ಕೂತಿರಲಿ, ಇಲ್ಲಾಂದ್ರೆ ಪಾತ್ರೆಯಲ್ಲೇ ಹೆಪ್ಪಾಗುತ್ತೆ. ಟ್ರೇ ಫ್ರಿಜ್ಜಿನಲ್ಲಿಟ್ಟು ಐದೈದು ನಿಮಿಷಕ್ಕೆ ಬೆರಳು ತಾಕಿಸಿ ನೋಡ್ರಿ: ನಡುವೆ ನಡುಗಬೇಕು, ಬೆರಳಿಗೆ ಅಂಟಬೇಕು. ಆಗ ಮಾರಿ ಜೋಡಿಸಿ ಮೆಲ್ಲಗೆ ಒತ್ತಿ, ಉಳಿದದ್ದನ್ನ ಸೌಟಿನಿಂದ ಹಾಕ್ರಿ. ಬೆರಳಿಗೆ ಅಂಟದಷ್ಟು ಗಟ್ಟಿಯಾದ ಮೇಲೆ ಹಾಕಿದ್ರೆ ಪದರಗಳು ಒಂದಕ್ಕೊಂದು ಹಿಡಿಯಲ್ಲ, ಕತ್ತರಿಸುವಾಗ ಮೇಲಿನದು ಜಾರಿ ಪಕ್ಕಕ್ಕೆ ಬೀಳುತ್ತೆ.

ಕಿನ್ನಾಳ ಗೊಂಬೆ
ಕೇಸರ್ ಮಾವು ಸಿಕ್ರೆ ತಿರುಳನ್ನ ಬಾಣಲೆಯಲ್ಲಿ ಬತ್ತಿಸಿ ಕೊನೆಗೆ ಮೇಲೆ ಸವರಿ. ಹಸಿ ತಿರುಳು ನೀರು ಬಿಡುತ್ತೆ. ಅನಾನಸ್ ಬೇಡ, ಹಸಿಯದು ಹಾಲನ್ನ ಕಹಿ ಮಾಡುತ್ತೆ.

ಕೌಲ್‌ಬಜಾರ್
ರಾತ್ರಿ ಇಟ್ಟೆ, ಬೆಳಿಗ್ಗೆ ನೋಡಿದೆ. ಗಟ್ಟಿ ಆಗೈತಿ, ಆದ್ರ ಮ್ಯಾಲ ನೀರಿನ ಹನಿ ನಿಂತಾವು.

ಬಿಸಿಲೂರು ರಾಯಚೂರು
ಬಿಸಿ ಇದ್ದಾಗಲೇ ಮುಚ್ಚಿದ್ದೀರಿ, ಹಬೆ ಮುಚ್ಚಳಕ್ಕೆ ತಾಗಿ ಇಳಿದಿದೆ. ಟಿಶ್ಯೂ ಒತ್ತಿ ತೆಗೀರಿ, ಉಜ್ಜಬೇಡ್ರಿ. ಚಾಕುವನ್ನ ಬಿಸಿನೀರಲ್ಲಿ ಅದ್ದಿ, ಒರೆಸಿ, ಒಂದೇ ಸಲ ತಳ ಮುಟ್ಟೋ ಹಂಗೆ ಇಳಿಸ್ರಿ. ಮೂಲೆಯ ಮೊದಲ ತುಂಡು ಮುರಿಯೋದೇ, ಅದನ್ನ ನೀವೇ ತಿನ್ರಿ.