ಹಳೆಯ ಆರ್ಕೇಡ್ ಯಂತ್ರದ ಪರದೆಯಲ್ಲಿ ಒಂದೇ ಗೆರೆ

ಪ್ರಶ್ನೆ:
1980ರ ದಶಕದ ವಿಡಿಯೋ ಗೇಮ್ ಯಂತ್ರ, 19 ಇಂಚಿನ ಪಿಕ್ಚರ್ ಟ್ಯೂಬ್. ನಿನ್ನೆ ಆಟದ ನಡುವೆ ಚಿತ್ರ ಕುಗ್ಗಿ, ಮೇಲಿನಿಂದ ಕೆಳಗೆ ಒಂದು ಉದ್ದ ಬಿಳಿ ಗೆರೆಯಾಯಿತು. ಸದ್ದು ಸರಿಯಾಗಿದೆ, ಗುಂಡಿಗಳೂ ಕೆಲಸ ಮಾಡುತ್ತಿವೆ. ಅಡ್ಡ ವಿಚಲನೆ (ಟ್ಯೂಬಿನ ಎಲೆಕ್ಟ್ರಾನ್ ಕಿರಣವನ್ನು ಎಡ-ಬಲಕ್ಕೆ ಓಡಿಸುವುದು) ಹೋಗಿದೆಯೆಂದು ಆ ಭಾಗದ ಟ್ರಾನ್ಸಿಸ್ಟರ್ ಪರೀಕ್ಷಿಸಿದೆ, ದೋಷವಿಲ್ಲ. ಈ ಟ್ಯೂಬ್ ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಉತ್ತರ 1:
ಮೊದಲು ಹೊಳಪು ತಗ್ಗಿಸಿ. ಆ ಗೆರೆ ಹಾಗೆಯೇ ಉರಿದರೆ ಪರದೆಯ ಒಳಗಿನ ಹೊಳೆಯುವ ಫಾಸ್ಫರ್ ಲೇಪ ಸುಟ್ಟು ಕಾಯಂ ಕಲೆ ಉಳಿಯುತ್ತದೆ.
ನಿಮ್ಮ ಪರದೆ ಪ್ಯಾಕ್-ಮ್ಯಾನ್ ಯಂತ್ರದಲ್ಲಿರುವಂತೆ ಮಗ್ಗುಲಾಗಿ ನಿಂತಿದೆಯೇ?

ಪ್ರಶ್ನೆ ಕೇಳಿದವರು:
ಹೌದು, ಮಗ್ಗುಲಾಗಿಯೇ ಇದೆ.

ಉತ್ತರ 1:
ಹಾಗಾದರೆ ಸತ್ತಿರುವುದು ಲಂಬ ವಿಚಲನೆ. ತಿರುಗಿಸಿದ ಟ್ಯೂಬಿನಲ್ಲಿ ಅದು ನಿಂತ ಗೆರೆಯಾಗಿ ಕಾಣುತ್ತದೆ. ಅಡ್ಡ ಭಾಗದ ಟ್ರಾನ್ಸಿಸ್ಟರ್ ಸತ್ತಿದ್ದರೆ ಫ್ಲೈಬ್ಯಾಕ್ (ಟ್ಯೂಬಿಗೆ ಅಧಿಕ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ಕೂಡ ನಿಂತು ಬೆಳಕೇ ಬರುತ್ತಿರಲಿಲ್ಲ. ಯೋಕ್ (ಟ್ಯೂಬಿನ ಕತ್ತಿನ ಸುತ್ತ ಇರುವ, ಕಿರಣವನ್ನು ತಿರುಗಿಸುವ ಸುರುಳಿ) ಕನೆಕ್ಟರಿನ ಪಿನ್‌ಗಳ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿ. ಸುತ್ತ ಉಂಗುರದಂಥ ಬಿರುಕಿದ್ದರೆ ಮತ್ತೆ ಬೆಸೆಯಿರಿ. ನಂತರ ಲಂಬ ವಿಚಲನೆ ಭಾಗದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು (ವಿದ್ಯುತ್ ಶೇಖರಿಸುವ ಬಿಡಿಭಾಗಗಳು) ನೋಡಿ.

ಉತ್ತರ 2:
ಮುಟ್ಟುವ ಮೊದಲು ಪ್ಲಗ್ ಕಿತ್ತು, ಆನೋಡನ್ನು (ಟ್ಯೂಬಿನ ಮೇಲಿನ ರಬ್ಬರ್ ಮುಚ್ಚಳದಡಿಯ ಅಧಿಕ ವೋಲ್ಟೇಜ್ ತುದಿ) ಟ್ಯೂಬಿನ ಹೊರಮೈಯ ಭೂತಂತಿಗೆ ಡಿಸ್ಚಾರ್ಜ್ ಮಾಡಿ. ಅಲ್ಲಿ 20,000 ವೋಲ್ಟಿಗೂ ಹೆಚ್ಚು ಇರಬಹುದು. ಅಭ್ಯಾಸವಿಲ್ಲದಿದ್ದರೆ ದಯವಿಟ್ಟು ಬಲ್ಲವರನ್ನು ಜೊತೆಗಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
ಒಂದು ಪಿನ್ನಿನ ಸುತ್ತ ಕೂದಲೆಳೆಯಷ್ಟು ಬಿರುಕಿತ್ತು. ಬೆಸೆದೆ, ಚಿತ್ರ ಪೂರ್ತಿ ತೆರೆದುಕೊಂಡಿತು! ಅಂಚು ಮಾತ್ರ ಸ್ವಲ್ಪ ಮಡಚಿದೆ. ಕೆಪಾಸಿಟರುಗಳನ್ನು ಈ ವಾರ ಬದಲಿಸುತ್ತೇನೆ.